ಒಂದನೇ ನಂಬರ್ ಬಸ್ಸು

ಬಸ್ಸಿಗೆ ಸರಪಣಿ ಬಿಗಿದು ಎಳೆದು ತಂದರು.

ಶೆಡ್ಡಿನ ಹಿಂದೆ ಹದಿನೆಂಟು ವರ್ಷ ಬಿದ್ದಿದ್ದ ಬಸ್ಸು ಅದು. ಚಕ್ರಗಳು ಅರ್ಧ ಮಣ್ಣಲ್ಲಿ ಹೂತಿದ್ದವು. ಕಿಟಕಿಯೊಳಗೆ ಕಳೆ ಬೆಳೆದಿತ್ತು. ಅಂಗಳದ ನಡುವೆ ತಂದು ನಿಲ್ಲಿಸಿದಾಗ ಚಿಕ್ಕ ಯಜಮಾನ ಚಪ್ಪಾಳೆ ತಟ್ಟಿದ. ಅವನು ತಟ್ಟಿದ್ದಕ್ಕೆ ಆಫೀಸಿನವರೂ ತಟ್ಟಿದರು.

"ಇದೇ ನಮ್ಮ ಒಂದನೇ ನಂಬರ್ ಬಸ್ಸು," ಎಂದ. "ಐವತ್ತು ವರ್ಷದ ಹಿಂದೆ ಅಪ್ಪ ತಾವೇ ಸ್ಟೇರಿಂಗ್ ಹಿಡಿದು ಈ ಊರಲ್ಲಿ ಓಡಿಸಿದ ಬಸ್ಸು. ಬಣ್ಣ ಹೊಡೀರಿ. ಹೊಸ ಗಾಜು ಹಾಕಿ. ಸಮಾರಂಭದ ದಿನ ಇದು ಎಲ್ಲಕ್ಕಿಂತ ಮುಂದೆ ನಿಲ್ಲಬೇಕು."

ಆಮೇಲೆ ತೊಳೆಯುವ ಹೆಂಗಸರ ಕಡೆ ನೋಡದೆಯೇ ಕೈ ಬೀಸಿದ. "ಮೊದಲು ತೊಳೀರಿ. ಫಳಫಳ ಅನ್ನಬೇಕು."

ಪೈಪಮ್ಮ ಪೈಪು ಎತ್ತಿಕೊಂಡಳು. ಡಿಪೋದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆಯೇ. ಮೂವತ್ತೊಂದು ವರ್ಷದಿಂದ ನೀರಿನ ಪೈಪು ಹಿಡಿದು ಬಸ್ಸು ತೊಳೆಯುತ್ತಿದ್ದಳು. ತೊಳೆಯುವ ಸೋಡಾ ತಿಂದು ಬೆರಳ ಸಂದಿಗಳು ಬಿಳಿಚಿಕೊಂಡಿದ್ದವು. ಉಗುರುಗಳು ಬೆಳೆಯುವುದನ್ನೇ ಮರೆತಿದ್ದವು. ಹಿಂದಿನ ಬಾಗಿಲಿಂದ ಶುರುಮಾಡುವುದು ಅವಳ ರೂಢಿ. ಬಲಗೈಯಲ್ಲಿ ಮೆಟ್ಟಿಲಿನ ಅಂಚು ಸವರಿದಳು. ಅಲ್ಲಿ ತಗಡು ಹರಿದು ನಾಲಿಗೆಯ ಹಾಗೆ ಹೊರಗೆ ಚಾಚಿತ್ತು. ಅವಳ ಅಂಗೈಯಲ್ಲಿ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ತನಕ ಒಂದು ಗಾಯದ ಗೆರೆ ಇತ್ತು. ಈ ತಗಡು ಕೊಯ್ದ ಗೆರೆ.

ಇದು ಒಂದನೇ ನಂಬರ್ ಅಲ್ಲ. ಒಂದನೇ ನಂಬರನ್ನು ಅವಳು ಕೆಲಸಕ್ಕೆ ಸೇರುವ ಮೊದಲೇ ತುಂಡು ಮಾಡಿ ಗುಜರಿಗೆ ಹಾಕಿದ್ದರು. ಇದು ನಲವತ್ತೇಳು. ಇಳಿಜಾರಿನ ಬಸ್ಸು. ಹನ್ನೊಂದು ಜನರನ್ನು ಕೊಂದ ಬಸ್ಸು. ಅವಳ ಅಣ್ಣನನ್ನು ನುಂಗಿದ ಬಸ್ಸು. ಇದು ಬಿದ್ದಿದೆ ಎಂದೇ ಅವಳು ಹದಿನೆಂಟು ವರ್ಷ ಆ ಶೆಡ್ಡಿನ ಹಿಂದಕ್ಕೆ ಕಾಲಿಟ್ಟಿರಲಿಲ್ಲ.

"ಸಾರ್, ಇದು ಒಂದನೇ ನಂಬರ್ ಅಲ್ಲ," ಎಂದಳು ಮ್ಯಾನೇಜರಿಗೆ.

"ಏನಂದೆ?"

"ಇದು ನಲವತ್ತೇಳು ಸಾರ್."

ಮ್ಯಾನೇಜರ್ ಡಿಪೋಗೆ ಬಂದು ನಾಲ್ಕು ವರ್ಷವಾಗಿತ್ತು. ನಕ್ಕ. "ಕಂಪನಿ ಇತಿಹಾಸದ ಪುಸ್ತಕದಲ್ಲೇ ಅಚ್ಚಿಗೆ ಹೋಗಿದೆ, ಫೋಟೋ ಸಮೇತ. ನೀನೇನು ಪುಸ್ತಕಕ್ಕಿಂತ ದೊಡ್ಡವಳಾ? ತೊಳಿ, ಸಾಕು."

ಅವಳು ತೊಳೆದಳು. ಹಲ್ಲು ಕಚ್ಚಿ ತೊಳೆದಳು. ಅದೇ ಬಸ್ಸನ್ನು ಅವಳ ಕೈಯಲ್ಲಿ ಮತ್ತೆ ಫಳಫಳ ಅನ್ನಿಸಿದರು.

ಅಣ್ಣನೂ ಮೊದಲು ತೊಳೆಯುವವನೇ. ಡಿಪೋದ ಹಿಂದಿನ ಓಣಿಯಲ್ಲಿ ಹುಟ್ಟಿದವರು ತೊಳೆಯುವುದಕ್ಕೆಂದೇ ಹುಟ್ಟಿದವರು ಎಂದು ಕಂಪನಿ ನಂಬಿತ್ತು. ಓಣಿಯವರೂ ನಂಬಿದ್ದರು. ಅವರಿಗೆ ಬೇರೆ ಗೇಟು. ಬೇರೆ ನಲ್ಲಿ. ಡ್ರೈವರಿಗೆ, ಕಂಡಕ್ಟರಿಗೆ, ಗುಮಾಸ್ತನಿಗೆ, ಕ್ಯಾಂಟೀನಿನ ಅಡುಗೆಯವನಿಗೆ, ಎಲ್ಲರಿಗೂ ಬಸ್ಸಿನಲ್ಲಿ ಓಡಾಡಲು ಪಾಸು ಇತ್ತು. ತೊಳೆಯುವವರಿಗೆ ಇರಲಿಲ್ಲ. ಪ್ರಯಾಣಿಕರಿಗೆ ವಾಸನೆ ಬರುತ್ತದಂತೆ. ಪ್ರಯಾಣಿಕರು ಕಕ್ಕಿದ್ದನ್ನು ಬಳಿದ ಕೈಯ ವಾಸನೆ ಪ್ರಯಾಣಿಕರಿಗೇ ಆಗಿಬರುವುದಿಲ್ಲವಂತೆ. ತೊಳೆಯುವಾಗಲೂ ಸೀಟಿನ ಮೇಲೆ ಕೂರುವ ಹಾಗಿಲ್ಲ. ಮಂಡಿಯೂರಿ ತೊಳೆಯಬೇಕು. ಬಸ್ಸಿನ ಅಡಿ ತೊಳೆಯಲು ಗುಂಡಿಗೆ ಇಳಿಯಬೇಕು. ಮೇಲಿಂದ ಗ್ರೀಸು, ಕೊಚ್ಚೆ, ಕೆಲವೊಮ್ಮೆ ಸತ್ತ ನಾಯಿಯ ತುಣುಕು ತಲೆ ಮೇಲೆ ಬೀಳುತ್ತಿತ್ತು.

ಅಂಗಳದಿಂದ ಗುಂಡಿಗೆ, ಗುಂಡಿಯಿಂದ ಅಂಗಳಕ್ಕೆ ಬಸ್ಸು ಸರಿಸುತ್ತ ಸರಿಸುತ್ತ ಅಣ್ಣ ಓಡಿಸುವುದು ಕಲಿತ. ಲೈಸೆನ್ಸ್ ಮಾಡಿಸಿದ. ಊರಿಗೆಲ್ಲ ಜ್ವರ ಬಂದು ಡ್ರೈವರುಗಳು ಹಾಸಿಗೆ ಹಿಡಿದ ಒಂದು ವಾರ ಅವನೇ ಬಸ್ಸು ತೆಗೆದ. ಆಮೇಲೆ ಅವನನ್ನು ಪೊರಕೆಗೆ ವಾಪಸ್ ಕಳಿಸಲು ಕಂಪನಿಗೆ ನೆಪ ಸಿಗಲಿಲ್ಲ. ಬೇರೆ ಡ್ರೈವರುಗಳು ಅವನು ಹಿಡಿದ ಸ್ಟೇರಿಂಗನ್ನು ಬಟ್ಟೆಯಿಂದ ಒರೆಸಿ ಹಿಡಿಯುತ್ತಿದ್ದರು. ಕೊನೆಗೆ ಅವನಿಗೆಂದೇ ಒಂದು ಬಸ್ಸು ಗೊತ್ತುಮಾಡಿದರು. ಯಾರೂ ಮುಟ್ಟಲು ಒಪ್ಪದ ಮುದಿ ಬಸ್ಸು. ನಲವತ್ತೇಳು.

ಬ್ರೇಕ್ ಹೋಗುತ್ತಿದೆ ಎಂದು ಅವನು ಎರಡು ದಿನ ರಿಪೇರಿ ಪುಸ್ತಕದಲ್ಲಿ ಬರೆದ. ಮೂರನೇ ದಿನ ಬೆಳಿಗ್ಗೆಯೂ ಬರೆದ. ಬರೆದು, ಬಸ್ಸು ತೆಗೆಯುವುದಿಲ್ಲ ಎಂದು ಗೇಟಿನಲ್ಲಿ ನಿಂತುಬಿಟ್ಟ. ದೊಡ್ಡ ಯಜಮಾನನೇ ಬಂದ. ಪಕ್ಕದಲ್ಲಿ ಮೆಕಾನಿಕ್ ಮೇಸ್ತ್ರಿ. ಪೈಪಮ್ಮ ಆಗ ಇಪ್ಪತ್ನಾಲ್ಕರವಳು. ನಾಲ್ಕು ಮಾರು ದೂರದಲ್ಲಿ ಬಕೆಟ್ ಹಿಡಿದು ನಿಂತಿದ್ದಳು.

"ಪೆಡಲ್ ಒತ್ತಿದ್ರೆ ಕೆಸರಲ್ಲಿ ಕಾಲಿಟ್ಟ ಹಾಗೆ ಒಳಗೆ ಹೋಗುತ್ತೆ ಸಾರ್," ಎಂದ ಅಣ್ಣ. "ಮೂರು ದಿನದಿಂದ ಬರೆದಿದೀನಿ."

"ಬರೆಯೋದು ಬೇರೆ ಕಲಿತುಬಿಟ್ಯಾ?" ಎಂದ ದೊಡ್ಡ ಯಜಮಾನ. "ಬಸ್ಸಿಗೆ ಕಾಯಿಲೆ ಇದೆ ಅಂತ ಹೇಳೋಕೆ ಇಲ್ಲಿ ಮೇಸ್ತ್ರಿ ಇದ್ದಾರೆ. ಮೇಸ್ತ್ರಿ, ಬಸ್ಸು ಓಡುತ್ತಾ?"

ಮೇಸ್ತ್ರಿ ತನ್ನ ಕಾಲ ಹೆಬ್ಬೆರಳು ನೋಡಿಕೊಂಡ. "ಓಡುತ್ತೆ ಸಾರ್."

"ಕೇಳಿಸ್ತಾ? ಆಗಲ್ಲ ಅಂದ್ರೆ ಪೊರಕೆ ತಗೋ. ನಿನ್ನ ಹಳೇ ಜಾಗ ಖಾಲಿ ಇದೆ."

ಅಣ್ಣ ಪೊರಕೆ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. ಬಸ್ಸು ಹತ್ತಿದ.

ಒಂಬತ್ತೂವರೆಗೆ ಮಾರುಕಟ್ಟೆಯ ಇಳಿಜಾರಿನಲ್ಲಿ ಬ್ರೇಕ್ ಪೂರ್ತಿ ಹೋಯಿತು. ಕೆಳಗೆ ಜನ ತುಂಬಿದ್ದರು. ಅಣ್ಣ ಬಸ್ಸನ್ನು ಕಲ್ಲಿನ ಗೋಡೆಗೆ ತಿರುಗಿಸಿದ. ಒಳಗಿದ್ದವರಲ್ಲಿ ಹನ್ನೊಂದು ಜನ ಸತ್ತರು. ಹಾಲು ಮಾರುವವಳು. ಗಡಿಯಾರ ರಿಪೇರಿಯವನು. ಬಸುರಿ ಟೀಚರು. ಎರಡನೇ ಕ್ಲಾಸಿನ ಹುಡುಗಿ, ಅವಳ ಅಜ್ಜ. ಇನ್ನೂ ಆರು ಜನ.

ಮಧ್ಯಾಹ್ನ ಬಸ್ಸನ್ನು ಡಿಪೋಗೆ ಎಳೆದು ತಂದರು. ಎಲ್ಲರನ್ನೂ ಮನೆಗೆ ಕಳಿಸಿದರು. ಪೈಪಮ್ಮನನ್ನು ಮಾತ್ರ ಉಳಿಸಿಕೊಂಡರು. ದೊಡ್ಡ ಯಜಮಾನ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದ.

"ನಾಳೆ ಬೆಳಿಗ್ಗೆ ಇನ್ಸ್‌ಪೆಕ್ಟರು ಬರ್ತಾರೆ. ಒಂದು ಹನಿ ಇರಬಾರದು. ಒಳಗೆ, ಹೊರಗೆ, ಅಡೀಲಿ. ಚಕ್ರದ ಸಂದೀಲೂ ಸಹ."

"ಅಣ್ಣ ಹೇಗಿದಾನೆ ಸಾರ್?"

"ಆಸ್ಪತ್ರೇಲಿದಾನೆ, ಬದುಕ್ತಾನೆ. ನೀನು ಇದನ್ನ ಸರಿಯಾಗಿ ತೊಳೆದ್ರೆ ವಾರದಲ್ಲಿ ಮನೆಗೆ ಬರ್ತಾನೆ. ನಾನು ಮಾತು ಕೊಡ್ತೀನಿ. ತೊಳೆಯಲ್ಲ ಅಂದ್ರೆ ಅವನ ಹಣೆಬರಹ."

ಅವಳು ತೊಳೆದಳು. ನೆಲದ ಮೇಲೆ ಹಾಲು, ರಕ್ತ ಸೇರಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕಿಟಕಿಯ ಸರಳಿಗೆ ಯಾರದೋ ಕೂದಲು ಅಂಟಿತ್ತು. ಉಗುರಿನಿಂದ ಬಿಡಿಸಿದಳು. ಗುಂಡಿಗೆ ಇಳಿದಳು. ಹಿಂದಿನ ಚಕ್ರದ ಒಳಮೈ ತುಂಬ ಬ್ರೇಕ್ ಆಯಿಲ್ ಇಳಿದು ಮಿರಮಿರ ಮಿಂಚುತ್ತಿತ್ತು. ಅದು ಏನೆಂದು ಅವಳಿಗೆ ಗೊತ್ತಿತ್ತು. ಅಣ್ಣನೇ ತೋರಿಸಿಕೊಟ್ಟಿದ್ದ. ಸೀಮೆಎಣ್ಣೆ ಹಾಕಿ ಒರೆಸಿದಳು. ಸೋಡಾ ಹಾಕಿ ಉಜ್ಜಿದಳು. ಹಿಂದಿನ ಮೆಟ್ಟಿಲ ತಗಡು ಅಂಗೈ ಕೊಯ್ದಾಗ ದೊಡ್ಡ ಯಜಮಾನ ಕರವಸ್ತ್ರ ಎಸೆದ.

"ಕಟ್ಕೋ. ಇನ್ನಷ್ಟು ರಕ್ತ ಬೀಳಿಸಬೇಡ."

ಕೊನೆಗೆ ಡ್ರೈವರ್ ಸೀಟಿನ ಅಡಿಗೆ ಕೈ ಹಾಕಿ ಒರೆಸಿದಳು. ಅಲ್ಲಿ ಒಂದು ಗಾಜಿನ ಚೂರು ಬಿಟ್ಟರೆ ಏನೂ ಇರಲಿಲ್ಲ.

ಮಾರನೇ ದಿನ ಇನ್ಸ್‌ಪೆಕ್ಟರಿಗೆ ಅದೇ ಸೀಟಿನ ಅಡಿಯಲ್ಲಿ ಅರ್ಧ ಖಾಲಿಯಾದ ಹೆಂಡದ ಬಾಟಲಿ ಸಿಕ್ಕಿತು. ರಿಪೇರಿ ಪುಸ್ತಕದಲ್ಲಿ ಮೂರು ಹಾಳೆ ಇರಲಿಲ್ಲ. ಕಂಪನಿಯ ಡಾಕ್ಟರು ಚೀಟಿ ಬರೆದುಕೊಟ್ಟ. ಡ್ರೈವರ್ ಕುಡಿದಿದ್ದ.

ಅವಳು ಆಫೀಸಿಗೆ ಓಡಿದಳು. "ಬಾಟಲಿ ಇರಲಿಲ್ಲ ಸಾರ್, ನಾನೇ ಒರೆಸಿದೀನಿ."

"ಒರೆಸಿದೀಯಾ?" ಎಂದ ದೊಡ್ಡ ಯಜಮಾನ. "ಪೊಲೀಸರು ನೋಡಬೇಕಾದ ಬಸ್ಸನ್ನ ನೀನು ಒರೆಸಿದೀಯಾ? ಸಾಕ್ಷಿ ಅಳಿಸಿದ್ದಕ್ಕೆ ಎಷ್ಟು ವರ್ಷ ಕೊಡ್ತಾರೆ ಗೊತ್ತಾ? ಬಾಯಿ ಬಿಟ್ಟರೆ ಅಣ್ಣ ತಂಗಿ ಇಬ್ಬರೂ ಒಳಗೆ. ನಿಮ್ಮ ಅಮ್ಮನಿಗೆ ಗಂಜಿ ಕಾಯಿಸೋರು ಯಾರು?"

ಅವಳು ಬಾಯಿ ಮುಚ್ಚಿದಳು.

ಅಣ್ಣನಿಗೆ ಏಳು ವರ್ಷ ಕೊಟ್ಟರು. ಮೂರನೇ ವರ್ಷ ಜೈಲಿನಲ್ಲೇ ಎದೆಯ ಕಾಯಿಲೆಯಿಂದ ಸತ್ತ. ಸಾಯುವ ತಿಂಗಳು ಅವಳು ನೋಡಲು ಹೋಗಿದ್ದಳು. ಜಾಲರಿಯಾಚೆ ಕೂತಿದ್ದ.

"ನೀನೇ ತೊಳೆದೆಯಂತೆ?"

"ಹೂಂ ಅಣ್ಣ."

"ಚಕ್ರದ ಒಳಗೂ?"

"ಹೂಂ."

ಅವನು ನಕ್ಕ. ನಕ್ಕು ಕೆಮ್ಮಿದ. "ನಾನೇ ತಾನೇ ಕಲಿಸಿದ್ದು. ಚೆನ್ನಾಗಿ ತೊಳೆದಿರ್ತೀಯ ಬಿಡು."

ಅವನು ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

ಬಸ್ಸನ್ನು ಮಾತ್ರ ಕಂಪನಿ ಬಿಟ್ಟುಕೊಡಲಿಲ್ಲ. ಮೂತಿ ಬಡಿದು ನೆಟ್ಟಗೆ ಮಾಡಿ, ಬೇರೆ ನಂಬರ್ ಬರೆದು ಮತ್ತೆ ರಸ್ತೆಗಿಳಿಸಿತು. ಈ ಸಲ ಬ್ರೇಕೂ ಹಾಕಿಸಿತು. ಒಂಬತ್ತು ವರ್ಷ ಅದು ಓಡಿತು. ಒಂಬತ್ತು ವರ್ಷ ದಿನಾ ಅವಳು ಅದನ್ನು ತೊಳೆದಳು.

ಈಗ ಕಂಪನಿಗೆ ಐವತ್ತು ತುಂಬುತ್ತಿತ್ತು. ಇತಿಹಾಸ ಬರೆಯಲು ಒಬ್ಬ ನಿವೃತ್ತ ಮೇಷ್ಟ್ರನ್ನು ನೇಮಿಸಿದ್ದರು. ಆರು ತಿಂಗಳ ಹಿಂದೆ ಅವರು ಡಿಪೋಗೆ ಬಂದು, ಹಳಬರು ಯಾರಿದ್ದೀರಿ ಎಂದು ಕೇಳಿದರು. ಪೈಪಮ್ಮ ಮುಂದೆ ಬಂದಳು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಅವಳ ಬಾಯಿ ಬಿಚ್ಚಿತು. ಅಮ್ಮ ತೀರಿಕೊಂಡಿದ್ದಳು, ಹೆದರಲು ಯಾರೂ ಉಳಿದಿರಲಿಲ್ಲ. ಮೂರು ಮಧ್ಯಾಹ್ನ ನಲ್ಲಿ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದಳು. ಮೇಷ್ಟ್ರು ಬರೆದುಕೊಂಡರು. ಬ್ರೇಕ್ ಆಯಿಲಿನ ಹತ್ತಿರ ಬಂದಾಗ ಪೆನ್ನಿನ ಮುಚ್ಚಳ ಹಾಕಿದರು.

"ಹೇಳು, ಕೇಳಿಸ್ಕೋತೀನಿ," ಎಂದರು. ಕೇಳಿಸಿಕೊಂಡರು. ಅಷ್ಟೇ ಮಾಡಿದರು.

ಸಮಾರಂಭಕ್ಕೆ ಐದು ದಿನ ಇರುವಾಗ ಪುಸ್ತಕದ ಕಟ್ಟುಗಳು ಬಂದವು. ತೊಳೆಯುವ ಆರು ಹೆಂಗಸರಲ್ಲಿ ಏಳನೇ ಕ್ಲಾಸು ಓದಿದವಳು ಒಬ್ಬಳೇ. ಕನ್ನಡಕ ಹಾಕುತ್ತಿದ್ದಳು, ಹಾಗಾಗಿ ಕನ್ನಡಕದವಳು. ಒಂದು ಪ್ರತಿಯನ್ನು ಸೆರಗಿನಲ್ಲಿ ಮುಚ್ಚಿ ತಂದು, ಗುಂಡಿಯಲ್ಲಿ ಕೂತು ಓದಿದಳು. ದೊಡ್ಡ ಯಜಮಾನನ ಬಾಲ್ಯ. ದೊಡ್ಡ ಯಜಮಾನನ ಕನಸು. ಡ್ರೈವರುಗಳ ಫೋಟೋ, ಕಂಡಕ್ಟರುಗಳ ಫೋಟೋ, ಕ್ಯಾಂಟೀನಿನ ಬೆಕ್ಕಿನ ಫೋಟೋ.

"ನಮ್ದು?" ಎಂದಳು ಒಬ್ಬಳು.

"ಇಲ್ಲ."

"ಬೆಕ್ಕಿದೆ, ನಾವಿಲ್ವಾ?"

"ಬೆಕ್ಕು ಮೈ ತಾನೇ ತೊಳ್ಕೊಳುತ್ತಲ್ಲ, ಅದಕ್ಕೆ ಮರ್ಯಾದೆ," ಎಂದಳು ಇನ್ನೊಬ್ಬಳು. ನಕ್ಕವರ ನಗು ತಕ್ಷಣ ಆರಿತು.

ಕನ್ನಡಕದವಳು ನೂರಾ ಹನ್ನೆರಡನೇ ಪುಟ ಓದಿದಳು. "ಸಂಸ್ಥೆಯ ನಿಷ್ಕಳಂಕ ಇತಿಹಾಸದಲ್ಲಿ ಒಂದೇ ಒಂದು ಕಪ್ಪು ಚುಕ್ಕೆ. ಯೋಗ್ಯತೆ ಮೀರಿ ಹುದ್ದೆ ಪಡೆದಿದ್ದ ಒಬ್ಬ ಕುಡುಕ ಚಾಲಕನ ದೆಸೆಯಿಂದ ಹನ್ನೊಂದು ಜೀವಗಳು ಬಲಿಯಾದವು. ಯಜಮಾನರು ಆ ದಿನ ಊಟ ಮಾಡಲಿಲ್ಲ."

ಪೈಪಮ್ಮ ಆ ಸಾಲನ್ನು ಇನ್ನೊಮ್ಮೆ ಓದಿಸಿದಳು. ಊಟ ಮಾಡಲಿಲ್ಲ. ಕನ್ನಡಕದವಳ ಕೈಯಿಂದ ಪುಸ್ತಕ ತೆಗೆದು ಮುಚ್ಚಿದಳು. ಅವಳಿಗೆ ಆದದ್ದು ದುಃಖವಲ್ಲ. ದುಃಖದ ಗುರುತು ಅವಳಿಗಿತ್ತು.

ಅದೇ ಹೊತ್ತಿಗೆ ಮ್ಯಾನೇಜರ್ ಬಂದು ಗುಂಡಿಯ ಅಂಚಿನಲ್ಲಿ ನಿಂತ. "ಕೇಳಿ ಇಲ್ಲಿ. ಆ ದಿನ ಬೆಳಿಗ್ಗೆ ಆರಕ್ಕೆ ಬನ್ನಿ. ಆ ದಿನ ರಸ್ತೆಗಿಳಿಸೋ ಹೊಸ ಬಸ್ಸು, ಹಳೇ ಬಸ್ಸು ಎಲ್ಲದರ ಮುಂದೆ ಗಳ ನೆಟ್ಟು ಬಿಳಿ ಪರದೆ ಕಟ್ಟಿರ್ತಾರೆ. ಪರದೆ ಹಿಂದೆ ನಿಂತು ಕೊನೇ ಸಲ ತೊಳೆದು ಒರೆಸಿ. ಹತ್ತು ಗಂಟೆಗೆ ಮಂತ್ರಿಗಳು ಹಗ್ಗ ಎಳೀತಾರೆ. ಅಷ್ಟೊತ್ತಿಗೆ ನೀವೆಲ್ಲ ಗುಂಡಿಯೊಳಗೆ ಇಳಿದು ಕೂತಿರಬೇಕು. ಅತಿಥಿಗಳ ಕಣ್ಣಿಗೆ ಯಾರೂ ಬೀಳಬಾರದು. ಊಟ ಮಿಕ್ಕಿದ್ರೆ ಆಮೇಲೆ ಕೊಡಿಸ್ತೀನಿ."

"ಆಯ್ತು ಸಾರ್," ಎಂದಳು ಪೈಪಮ್ಮ.

ಅವನು ಹೋದ ಮೇಲೆ ಐವರ ಮುಖ ನೋಡಿದಳು. "ಎಷ್ಟು ಬಸ್ಸು?"

"ಹದಿನಾಲ್ಕು ಹೊಸವು. ಮುಂದೆ ಅದೊಂದು," ಎಂದಳು ಕನ್ನಡಕದವಳು. "ಯಾಕೆ?"

"ನಿನ್ನ ಅಕ್ಷರ ದುಂಡಗಿದೆಯಾ?"

ಅಂದು ಸಂಜೆ ಅವಳು ಅತ್ತಿಗೆಯ ಮನೆಗೆ ನಡೆದು ಹೋದಳು. ಅತ್ತಿಗೆ ಊರಿನ ಇನ್ನೊಂದು ತುದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಇಪ್ಪತ್ತೇಳು ವರ್ಷದಿಂದ ನಾದಿನಿಯ ಜೊತೆ ಮಾತು ಬಿಟ್ಟಿದ್ದಳು. ಸಾವಿನ ಮನೆಯಲ್ಲೂ ಆಡಿರಲಿಲ್ಲ. ಬಾಗಿಲಲ್ಲಿ ಪೈಪಮ್ಮನನ್ನು ಕಂಡೂ ಮಿಷಿನ್ನು ತುಳಿಯುತ್ತಲೇ ಇದ್ದಳು.

"ಅತ್ತಿಗೆ, ಹನ್ನೊಂದು ಜನರ ಹೆಸರು ಬೇಕು."

ಮಿಷಿನ್ನು ನಿಂತಿತು. "ಯಾಕೆ? ಅದನ್ನೂ ತೊಳೀತೀಯಾ?"

"ಇಲ್ಲ. ಬರೀತೀನಿ."

ಹೊಸ್ತಿಲಲ್ಲೇ ನಿಂತು ಹೇಳಿದಳು. ಒಂದನೇ ನಂಬರ್ ಎಂದು ಎಳೆದು ತಂದ ಬಸ್ಸು. ಪುಸ್ತಕದ ಸಾಲು. ಪರದೆ. ಅತ್ತಿಗೆ ಕೂತೇ ಕೇಳಿದಳು. ಕೂರು ಎನ್ನಲಿಲ್ಲ. ಕೇಳಿ ಮುಗಿದ ಮೇಲೆ ಹನ್ನೊಂದು ಹೆಸರನ್ನೂ ಗಟಗಟ ಹೇಳಿದಳು, ಎಲ್ಲೂ ತಡವರಿಸದೆ. ಯಾರ ಮನೆ ಎಲ್ಲಿ ಎಂಬುದನ್ನೂ ಹೇಳಿದಳು.

"ಎಲ್ಲರ ಬಾಗಿಲೂ ತಟ್ಟಿದ್ದೆ ಆವಾಗ," ಎಂದಳು. "ನನ್ನ ಗಂಡ ಕುಡಿದಿರಲಿಲ್ಲ, ಕುಡಿಯೋನೇ ಅಲ್ಲ ಅಂತ ಹೇಳೋಕೆ. ಒಬ್ಬರು ಉಗಿದ್ರು. ಒಬ್ಬರು ನಾಯಿ ಬಿಟ್ರು. ಗಡಿಯಾರದವನ ಅಮ್ಮ ಮಾತ್ರ ನೀರು ಕೊಟ್ಟು, ಇನ್ನು ಬರಬೇಡಮ್ಮ ಅಂದ್ಲು."

"ಇನ್ನೊಂದು ಸಲ ತಟ್ಟು ಅತ್ತಿಗೆ. ಆ ದಿನ ಹತ್ತು ಗಂಟೆಗೆ ಡಿಪೋಗೆ ಬರಲಿ. ಎಲ್ಲರಿಗೂ ಗೇಟು ತೆಗೆದಿರ್ತಾರೆ."

"ನಿನಗೋಸ್ಕರ ತಟ್ಟಲ್ಲ."

"ನನಗೋಸ್ಕರ ಬೇಡ."

ಅತ್ತಿಗೆ ಮತ್ತೆ ಮಿಷಿನ್ನು ತುಳಿಯತೊಡಗಿದಳು. ಪೈಪಮ್ಮ ಬಂದ ದಾರಿಯಲ್ಲೇ ನಡೆದು ಹೋದಳು.

ಆ ದಿನ ಆರು ಗಂಟೆಗೆ ಆರೂ ಜನ ಪರದೆಯ ಹಿಂದೆ ಇದ್ದರು. ಬಕೆಟ್ಟುಗಳಲ್ಲಿ ನೀರಿರಲಿಲ್ಲ. ಸುಟ್ಟ ಎಂಜಿನ್ ಆಯಿಲಿಗೆ ಅಂಗಳಕ್ಕೆ ತೇಪೆ ಹಾಕಲು ತಂದ ಡಾಂಬರು ಕರಗಿಸಿ ಕಲಸಿದ್ದರು. ಅದಕ್ಕೆ ನೀರು ಹೊಡೆದರೆ ಹರಡುತ್ತದೆ, ಬಟ್ಟೆ ಹಿಡಿದರೆ ಬಣ್ಣವನ್ನೇ ಕಿತ್ತುಕೊಂಡು ಬರುತ್ತದೆ. ಯಾವುದು ಯಾವುದಕ್ಕೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದು ಆ ಕಂಪನಿಯಲ್ಲಿ ಅವರಷ್ಟು ಯಾರಿಗೂ ಗೊತ್ತಿರಲಿಲ್ಲ.

ಕನ್ನಡಕದವಳು ಸೀಮೆಸುಣ್ಣದಲ್ಲಿ ಗೀರಿಕೊಡುತ್ತ ಹೋದಳು. ಉಳಿದವರು ಪೊರಕೆ ಅದ್ದಿ ಅದರ ಮೇಲೆ ಎಳೆಯುತ್ತ ಹೋದರು. ಒಂದು ಬಸ್ಸಿಗೆ ಒಂದು ಹೆಸರು, ಬಸ್ಸಿನುದ್ದಕ್ಕೂ. ಅವರಲ್ಲೊಬ್ಬಳು ಅದೇ ಗುಂಡಿಯಲ್ಲಿ ಜಾರಿಬಿದ್ದು ಹೊಟ್ಟೆಯಲ್ಲಿದ್ದ ಕೂಸನ್ನು ಕಳೆದುಕೊಂಡವಳು. ಮೂರನೇ ದಿನವೇ ಕೆಲಸಕ್ಕೆ ಕರೆಸಿದ್ದರು. ಅವಳು ಬಸುರಿ ಟೀಚರ ಹೆಸರನ್ನು ಎರಡೆರಡು ಸಲ ತಿದ್ದಿ ದಪ್ಪ ಮಾಡಿದಳು. ಹನ್ನೆರಡನೇ ಬಸ್ಸಿಗೆ ಅಣ್ಣನ ಹೆಸರು. ಹದಿಮೂರನೆಯದಕ್ಕೆ, ಬ್ರೇಕ್ ಇರಲಿಲ್ಲ. ಹದಿನಾಲ್ಕನೆಯದಕ್ಕೆ, ಬಾಟಲಿ ಇರಲಿಲ್ಲ. ಎಲ್ಲಕ್ಕಿಂತ ಮುಂದಿದ್ದ ಹಳೇ ಬಸ್ಸಿನ ಮೇಲೆ ಪೈಪಮ್ಮನೇ ಬರೆದಳು. ಅವಳಿಗೆ ಗೊತ್ತಿದ್ದದ್ದು ಬಸ್ಸಿನ ಬೋರ್ಡಿನ ಅಕ್ಷರಗಳು ಅಷ್ಟೇ. ಆದರೂ ಬರೆದಳು. ಇದೇ ಆ ಬಸ್ಸು.

ಹತ್ತು ಗಂಟೆಗೆ ಅವರು ಗುಂಡಿಗೆ ಇಳಿಯಲಿಲ್ಲ. ಪರದೆಯ ಕಂಬಗಳ ಪಕ್ಕ ಸಾಲಾಗಿ ನಿಂತರು. ಮ್ಯಾನೇಜರ್ ದೂರದಿಂದ ಕಣ್ಣು ಕೆಂಪಗೆ ಮಾಡಿದ. ಕೈಯಲ್ಲಿ ಸನ್ನೆ ಮಾಡಿದ. ಯಾರೂ ಅಲ್ಲಾಡಲಿಲ್ಲ. ವೇದಿಕೆಯ ಮೇಲೆ ಮಂತ್ರಿ, ಚಿಕ್ಕ ಯಜಮಾನ, ಗಾಲಿ ಕುರ್ಚಿಯಲ್ಲಿ ದೊಡ್ಡ ಯಜಮಾನ. ಎಂಬತ್ತು ದಾಟಿದ್ದ. ಬಿಳಿ ಅಂಗಿ. ಕೊನೆಯಲ್ಲಿ, ಸನ್ಮಾನಕ್ಕೆಂದು ಕರೆಸಿದ್ದ ಮುದಿ ಮೇಸ್ತ್ರಿ.

ಜನರ ನಡುವೆ ಪೈಪಮ್ಮನಿಗೆ ಅತ್ತಿಗೆ ಕಂಡಳು. ಅವಳ ಹಿಂದೆ ಮೂವತ್ತು ನಲವತ್ತು ಜನ. ಮುಖಗಳ ಪರಿಚಯ ಇರಲಿಲ್ಲ. ಆದರೂ ಯಾರು ಎಂದು ಗೊತ್ತಾಯಿತು.

ಮಂತ್ರಿ ಹಗ್ಗ ಎಳೆದ. ಹದಿನೈದು ಪರದೆ ಒಟ್ಟಿಗೆ ಬಿದ್ದವು.

ಬ್ಯಾಂಡಿನವರು ಬಾರಿಸುತ್ತಲೇ ಇದ್ದರು. ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಜನರ ಗುಂಪಿನಿಂದ ಒಬ್ಬಳು ಕಿರುಚಿದಳು. "ಅಮ್ಮ! ಅದು ಅಮ್ಮನ ಹೆಸರು!" ಹಾಲು ಮಾರುವವಳ ಮಗಳು. ಇನ್ನೊಬ್ಬ ಓಡಿಬಂದು ಎರಡನೇ ಕ್ಲಾಸಿನ ಹುಡುಗಿಯ ಹೆಸರಿದ್ದ ಬಸ್ಸಿಗೆ ಹಣೆ ಹಚ್ಚಿ ನಿಂತ. ಅವನ ಹಣೆಯೆಲ್ಲ ಕಪ್ಪಾಯಿತು.

ಚಿಕ್ಕ ಯಜಮಾನ ವೇದಿಕೆಯಿಂದ ಹಾರಿ ಬಂದ. "ಯಾರೇ ಮಾಡಿದ್ದು? ತೊಳಿ! ಈಗಲೇ ತೊಳಿ!"

ನೀರು ಬಿಟ್ಟ ಪೈಪನ್ನು ಪೈಪಮ್ಮನ ಕೈಗೆ ತುರುಕಿದ. ಅವಳು ಕೈಬಿಟ್ಟಳು. ಪೈಪು ನೆಲದ ಮೇಲೆ ಹಾವಿನ ಹಾಗೆ ಹೊರಳಿ ಅವನ ಪ್ಯಾಂಟು ನೆನೆಸಿತು.

"ತೊಳೆಯಲ್ಲ," ಎಂದಳು.

"ಏನಂದೆ?"

"ತೊಳೆಯಲ್ಲ. ಒಂದು ಸಲ ತೊಳೆದಿದ್ದು ಸಾಕು. ಬೇಕಾದ್ರೆ ನೀವೇ ತೊಳ್ಕೊಳ್ಳಿ."

ಅವನು ಮ್ಯಾನೇಜರನ್ನು, ಗುಮಾಸ್ತರನ್ನು ಕೂಗಿದ. ಇಸ್ತ್ರಿ ಅಂಗಿಯವರು ಪೈಪು ಹಿಡಿದರು. ನೀರು ಬಿದ್ದ ಕಡೆಯೆಲ್ಲ ಕಪ್ಪು ಹರಡಿತು. ಒಬ್ಬ ಕೋಟು ಬಿಚ್ಚಿ ಉಜ್ಜಿದ. ಹೊಸ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಹೆಸರು ಹಾಗೇ ಉಳಿಯಿತು. ಮಂತ್ರಿಯ ಕಾರು ಹಿಂದಕ್ಕೆ ಹಿಂದಕ್ಕೆ ಸರಿದು ಗೇಟು ದಾಟಿತು.

ಪೈಪಮ್ಮ ಹಳೇ ಬಸ್ಸಿನ ಮೆಟ್ಟಿಲು ಹತ್ತಿ ನಿಂತಳು. ಮೈಕು ಬೇಕಿರಲಿಲ್ಲ. ಎಂಜಿನ್ನುಗಳ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಿದ್ದ ಗಂಟಲು ಅದು.

"ಇದು ಒಂದನೇ ನಂಬರ್ ಅಲ್ಲ. ನಿಮ್ಮ ಮನೆಯವರು ಸತ್ತ ಬಸ್ಸು ಇದೇ. ಬ್ರೇಕ್ ಇಲ್ಲ ಅಂತ ನನ್ನ ಅಣ್ಣ ಮೂರು ದಿನ ಬರೆದ. ಚಕ್ರದ ತುಂಬ ಬ್ರೇಕ್ ಆಯಿಲ್ ಸೋರಿತ್ತು. ಆಯಿಲ್ ತೊಳೆದೋಳು ನಾನು. ನಿಮ್ಮವರ ರಕ್ತ ತೊಳೆದೋಳೂ ನಾನೇ. ಸೀಟಿನ ಅಡಿ ಒರೆಸಿದ್ದೆ, ಅಲ್ಲಿ ಬಾಟಲಿ ಇರಲಿಲ್ಲ. ಆಮೇಲೆ ತಂದಿಟ್ಟರು. ನಾನು ಬಾಯಿ ಮುಚ್ಕೊಂಡಿದ್ದೆ."

ಹಾಲು ಮಾರುವವಳ ಮಗಳು ಹತ್ತಿರ ಬಂದಳು. ಪೈಪಮ್ಮನನ್ನು ಮೆಟ್ಟಿಲಿಂದ ಕೆಳಗೆಳೆದು ಕೆನ್ನೆಗೆ ಬಾರಿಸಿದಳು. ಸದ್ದು ಅಂಗಳಕ್ಕೆಲ್ಲ ಕೇಳಿಸಿತು. "ಇಪ್ಪತ್ತೇಳು ವರ್ಷ! ಇಪ್ಪತ್ತೇಳು ವರ್ಷ ಒಬ್ಬ ಸತ್ತವನಿಗೆ ಶಾಪ ಹಾಕಿಸಿದೆಯಲ್ಲೇ!"

ಪೈಪಮ್ಮ ಕೆನ್ನೆ ಮುಟ್ಟಿಕೊಳ್ಳಲಿಲ್ಲ. "ಇನ್ನೊಂದು ಹೊಡಿ," ಎಂದಳು. "ನನಗೆ ಹೊಡೆದು ಆದ ಮೇಲೆ ಅಲ್ಲಿಗೆ ಬಾ." ವೇದಿಕೆಯ ಕಡೆ ತೋರಿಸಿದಳು.

ಜನ ವೇದಿಕೆಯ ಕಡೆ ತಿರುಗಿದರು. ಮೇಸ್ತ್ರಿ ಎದ್ದು ನಿಂತಿದ್ದ. ಇಳಿದು ಹೋಗಲು ಮೆಟ್ಟಿಲಲ್ಲಿ ಜಾಗ ಇರಲಿಲ್ಲ, ಅಲ್ಲಿ ಅತ್ತಿಗೆ ನಿಂತಿದ್ದಳು.

"ಮೇಸ್ತ್ರಿಗಳೇ," ಎಂದಳು ಅತ್ತಿಗೆ. "ಬ್ರೇಕ್ ಇತ್ತಾ?"

ಅವನು ದೊಡ್ಡ ಯಜಮಾನನನ್ನು ನೋಡಿದ. ಜನರನ್ನು ನೋಡಿದ. ಜನ ಹತ್ತಿರವಿದ್ದರು. "ಇರಲಿಲ್ಲ," ಎಂದ. "ನನ್ನ ಕೈಲೇ ಹಾಳೆ ಹರಿಸಿದ್ರು." ಅದು ಧೈರ್ಯವಲ್ಲ, ಭಯ. ಸತ್ಯಕ್ಕೆ ಅಂದು ಅಷ್ಟೇ ಸಾಕಾಯಿತು.

ಗಾಲಿ ಕುರ್ಚಿಯನ್ನು ವೇದಿಕೆಯಿಂದ ಯಾರು ಇಳಿಸಿದರೋ ಆಮೇಲೆ ಯಾರೂ ಒಪ್ಪಿಕೊಳ್ಳಲಿಲ್ಲ. ಹಳೇ ಬಸ್ಸಿನ ಪಕ್ಕಕ್ಕೆ ತಂದು ನಿಲ್ಲಿಸಿದ್ದರು. ಚಿಕ್ಕ ಯಜಮಾನನನ್ನು ಗಡಿಯಾರದವನ ತಮ್ಮಂದಿರು ಎರಡೂ ಕಡೆಯಿಂದ ಹಿಡಿದಿದ್ದರು. ಪೈಪಮ್ಮ ದೊಡ್ಡ ಯಜಮಾನನ ಮುಂದೆ ಬಂದಳು. ಸೆರಗಿನ ತುದಿ ಹರಿದು ಅವನ ಕೈಗೆ ಕೊಟ್ಟಳು.

"ಒರೆಸಿ ಯಜಮಾನ್ರೇ. ಒಂದು ಹನಿ ಇರಬಾರದು."

"ನಾನು ಮುದುಕ ಕಣಮ್ಮ," ಎಂದ ಅವನು. "ನನಗೆ ಏನೂ ನೆನಪಿಲ್ಲ."

"ನೆನಪು ಬರೋ ತನಕ ಒರೆಸಿ."

ಅವನ ಮಣಿಕಟ್ಟು ಹಿಡಿದು ಅಕ್ಷರದ ಮೇಲೆ ಒತ್ತಿದಳು. ಅವನು ಒರೆಸಿದ. ಬೆರಳು ಕಪ್ಪಾಯಿತು. ತೋಳು ಕಪ್ಪಾಯಿತು. ಬಿಳಿ ಅಂಗಿಯ ಎದೆಗೆ ಕಪ್ಪು ಮೆತ್ತಿತು. ಅಕ್ಷರ ಹರಡಿ ದೊಡ್ಡದಾಯಿತೇ ಹೊರತು ಹೋಗಲಿಲ್ಲ. ಅವನು ಅಳತೊಡಗಿದ. ಮೂಗು ಒರೆಸಿಕೊಂಡಾಗ ಮುಖವೂ ಕಪ್ಪಾಯಿತು. ಯಾರೋ ನಕ್ಕರು. ಯಾರೋ, ಬಿಟ್ಟುಬಿಡಿ ಪಾಪ, ಎಂದರು.

ಪೈಪಮ್ಮನಿಗೆ ಕನಿಕರ ಬರಬೇಕಿತ್ತೇನೋ. ಬರಲಿಲ್ಲ. ಅವಳಿಗೆ ಹಿತವಾಯಿತು. ಬಿಸಿಲಿನಲ್ಲಿ ದುಡಿದು ಬಂದು ತಣ್ಣೀರು ಕುಡಿದ ಹಾಗೆ ಗಂಟಲಿಂದ ಹೊಟ್ಟೆಯ ತನಕ ಹಿತವಾಯಿತು. ಪೊಲೀಸರು ಬಂದು ಅವಳ ಕೈ ಬಿಡಿಸುವ ತನಕ ಅವನ ಮಣಿಕಟ್ಟು ಬಿಡಲಿಲ್ಲ.

ಆರೂ ಹೆಂಗಸರನ್ನು ಎರಡು ದಿನ ಠಾಣೆಯಲ್ಲಿ ಇಟ್ಟುಕೊಂಡರು. ಕೆಲಸದಿಂದ ತೆಗೆದರು. ಓಣಿಯಿಂದ ಬೇರೆ ಯಾರೂ ತೊಳೆಯಲು ಹೋಗಲಿಲ್ಲ. ಎರಡು ವಾರ ಬಸ್ಸುಗಳು ಹಾಗೇ ಓಡಿದವು. ಊರಿನವರು ಮೊದಲ ಸಲ ಮೂಗು ಮುಚ್ಚಿಕೊಂಡು ಸೀಟಿನ ಮೇಲೆ ಕೂತರು. ಆಗ ಐವರನ್ನು ವಾಪಸ್ ಕರೆಯಲು ಕಂಪನಿಯ ಜನ ಓಣಿಗೇ ಬಂದರು. ಪಾಸು ಕೊಟ್ಟರೆ ಬರುತ್ತೇವೆ ಎಂದರು ಅವರು. ಪಾಸು ಕೊಟ್ಟರು. ಪೈಪಮ್ಮನನ್ನು ಮಾತ್ರ ಸೇರಿಸಿಕೊಳ್ಳಲಿಲ್ಲ. ಅವಳು ಕೇಳಲೂ ಇಲ್ಲ. ಅಂಗಡಿಗಳಿಂದ ಪುಸ್ತಕ ಮಾಯವಾಯಿತು. ಸತ್ತವರ ಮನೆಯವರೂ ಅತ್ತಿಗೆಯೂ ಸೇರಿ ಅರ್ಜಿ ಹಾಕಿದರು. ಹಳೇ ಕೇಸು ಮತ್ತೆ ತೆರೆಯಿತು. ಸಾಕ್ಷಿ ಅಳಿಸಿದ ಆರೋಪ ಪೈಪಮ್ಮನ ಮೇಲೂ ಬಂತು. ಬರಲಿ, ನನ್ನನ್ನೂ ನಿಲ್ಲಿಸಿ, ಎಂದಳು ವಕೀಲರಿಗೆ. ಆ ದೊಡ್ಡ ಯಜಮಾನನ ಪಕ್ಕದಲ್ಲೇ ನಿಲ್ಲಿಸಿ.

ವಿಚಾರಣೆಯ ಹಿಂದಿನ ದಿನ ದೊಡ್ಡ ಯಜಮಾನ ಸತ್ತ. ಮೆತ್ತನೆಯ ಹಾಸಿಗೆಯ ಮೇಲೆ, ಮಕ್ಕಳು ಮೊಮ್ಮಕ್ಕಳ ನಡುವೆ, ನಿದ್ದೆಯಲ್ಲಿ.

ಸುದ್ದಿ ಕೇಳಿ ಪೈಪಮ್ಮ ಕುದಿಯುತ್ತ ಅತ್ತಿಗೆಯ ಮನೆಗೆ ಹೋದಳು. ಚಪ್ಪಲಿ ಕೂಡ ಹಾಕಿರಲಿಲ್ಲ. ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟಳು.

"ತಪ್ಪಿಸ್ಕೊಂಡ ಕಣತ್ತಿಗೆ. ತಪ್ಪಿಸ್ಕೊಂಡುಬಿಟ್ಟ."

ಅತ್ತಿಗೆ ತಲೆ ಎತ್ತಲಿಲ್ಲ. ಅಂಚು ಹೊಲಿದು ಮುಗಿಸಿ ಹಲ್ಲಿನಿಂದ ದಾರ ಕಚ್ಚಿದಳು.

"ಕಂಪನಿ ಸತ್ತಿತಾ?"

"ಇಲ್ಲ."

"ಮಗ?"

"ಇದಾನೆ."

"ಮತ್ತೆ ಯಾಕೆ ಬಾಯಿ ಬಡ್ಕೋತೀಯ?" ಅತ್ತಿಗೆ ಪಕ್ಕದ ಮಣೆಯನ್ನು ಕಾಲಿನಿಂದ ಅವಳ ಕಡೆ ತಳ್ಳಿದಳು. "ನಾಳೆ ಹತ್ತೂವರೆಗೆ ಕೋರ್ಟು. ಬೇಗ ಬಾ. ಮುಂದಿನ ಸಾಲಲ್ಲೇ ಕೂರಬೇಕು ನಾವು. ಅವನು ಎತ್ತ ತಿರುಗಿದ್ರೂ ನಮ್ಮ ಮುಖವೇ ಕಾಣಬೇಕು."

ಪೈಪಮ್ಮ ಒಂಬತ್ತು ಗಂಟೆಗೇ ಹೋಗಿ ಕೂತಳು.